ತುರ್ತು ಕರೆಗಳು ಮಾತ್ರ

ನನ್ನ ಮೊಬೈಲಿನ ಪರದೆಯ ಮೇಲೆ ಸುಮಾರು ನಾಲ್ಕು ತಿಂಗಳು ಒಂದು ಸಣ್ಣ ಸಾಲು ನಿಂತಿತ್ತು: ‘ತುರ್ತು ಕರೆಗಳು ಮಾತ್ರ’. ಬೇರೆಯವರ ಫೋನಿನಲ್ಲಿ ಇದು ಇಂಗ್ಲಿಷಿನಲ್ಲಿ ಬರುತ್ತದೆ. ನಾನು ಫೋನಿನ ಭಾಷೆಯನ್ನು ಕನ್ನಡಕ್ಕೆ ಇಟ್ಟುಕೊಂಡಿದ್ದೆ. ಇದನ್ನು ಭಾಷಾಭಿಮಾನ ಅಂತ ತಿಳಿಯಬೇಡಿ. ಮರಾಠಿ ಊರಿನ ಸದಾಶಿವ ಪೇಠೆಯ ಹಳೆಯ ವಾಡೆಯೊಂದರಲ್ಲಿ, ಮಾಳಿಗೆಯ ಮೇಲಿನ ಒಂದೂವರೆ ಕೋಣೆಯಲ್ಲಿ ಒಬ್ಬಳೇ ಇರುವ ಹೆಂಗಸಿಗೆ, ದಿನಕ್ಕೊಮ್ಮೆಯಾದರೂ ಯಾರಾದರೂ ಕನ್ನಡದಲ್ಲಿ ಏನಾದರೂ ಹೇಳಲಿ ಎಂಬ ಆಸೆ ಇರುತ್ತದೆ. ‘ಬ್ಯಾಟರಿ ಕಡಿಮೆ ಇದೆ’ ಎಂದಾದರೂ ಸರಿಯೇ.

ರೀಚಾರ್ಜ್ ಮಾಡಿಸುವುದನ್ನು ನಾನು ಬೇಕೆಂದು ನಿಲ್ಲಿಸಿದವಳಲ್ಲ. ನಾಳೆ ಮಾಡಿಸಿದರಾಯಿತು ಎಂದುಕೊಂಡೆ, ಅಷ್ಟೆ. ಮೊದಲಾಗಿದ್ದರೆ ಹಾಗೆ ಎಂದುಕೊಳ್ಳುವಂತಿರಲಿಲ್ಲ. ದಿನಾ ಸಂಜೆ ಏಳಕ್ಕೆ ಗದಗಿನಲ್ಲಿದ್ದ ಅವ್ವನಿಗೆ ಫೋನ್ ಮಾಡಬೇಕಿತ್ತು.

“ಉಂಡಿಯೇನ?” ಎಂದು ಅವ್ವ ಕೇಳುತ್ತಿದ್ದಳು.

“ಈಗರೆ ಏಳ ಹೊಡದದ ಅವ್ವಾ.”

“ಮತ್ತೇನ್ ಮಾಡಿ ಅಡಗಿ?”

ಇಪ್ಪತ್ತು ವರ್ಷ ನಾವಿಬ್ಬರೂ ಇದೇ ಮಾತನ್ನು ಆಡಿದೆವು. ನಾನು ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಕಲಿಸುತ್ತಿದ್ದೆನೆಂಬುದು ಅವಳಿಗೆ ಗೊತ್ತಿತ್ತು. ಆದರೆ ಗಣಿತದ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ಪಲ್ಯ ಯಾವುದು ಎಂಬುದಷ್ಟೇ ಅವಳಿಗೆ ಬೇಕಾಗಿತ್ತು. ಹೋದ ಚಳಿಗಾಲ ಅವ್ವ ತೀರಿಕೊಂಡಳು. ಬೇಸಿಗೆಯಲ್ಲಿ ಕ್ಲಾಸೂ ಮುಗಿಯಿತು. ಮಾಲೀಕರ ಮಗ ಪಾಠಗಳನ್ನೆಲ್ಲ ವಿಡಿಯೋ ಮಾಡಿಸಿದ. ಅರವತ್ತರ ನನ್ನ ಮುಖ ವಿಡಿಯೋಕ್ಕೆ ಒಗ್ಗಲಿಲ್ಲ. ಹುಬ್ಬಳ್ಳಿಯಲ್ಲಿ ಅಣ್ಣ ಇದ್ದಾನೆ. ಹಬ್ಬಕ್ಕೆ ತಪ್ಪದೆ ಫೋನ್ ಮಾಡುತ್ತಾನೆ, ಆದರೆ ದೊಡ್ಡ ಹಬ್ಬಗಳಿಗೆ ಮಾತ್ರ. ಹೀಗಿರುವಾಗ ನಾಳೆ ನಾಳೆ ಎನ್ನುತ್ತ ಮೊದಲು ನನ್ನ ಕರೆಗಳು ನಿಂತವು, ಆಮೇಲೆ ನನಗೆ ಬರುವ ಕರೆಗಳು ನಿಂತವು, ಕೊನೆಗೊಂದು ದಿನ ಸಿಮ್ಮೇ ಸತ್ತಿತು. ಫೋನು ಗಡಿಯಾರವಾಗಿ, ಕರೆಂಟು ಹೋದಾಗ ಟಾರ್ಚಾಗಿ ಉಳಿಯಿತು. ನಿಜ ಹೇಳಬೇಕೆಂದರೆ, ನನಗೊಂದು ಬಗೆಯ ಹಟವೂ ಇತ್ತು. ಯಾರಿಗೆ ನನ್ನ ಕೊರತೆ ಕಾಣುತ್ತದೆ ನೋಡೋಣ ಎಂಬ ಹಟ. ನಾಲ್ಕು ತಿಂಗಳು ನೋಡಿದೆ.

ಇಷ್ಟಕ್ಕೂ ನಾನು ಟೆಲಿಫೋನಿನ ಮನೆತನದವಳು! ನಮ್ಮಪ್ಪ ಗದಗಿನ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಆಗ ಬೇರೆ ಊರಿಗೆ ಮಾತನಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಬೇಕಿತ್ತು. ಸಾಧಾರಣ ಕರೆಗೆ ಇಡೀ ದಿನ ಕಾಯುವುದು, ಅರ್ಜೆಂಟಿಗೆ ಅರ್ಧ ದಿನ. ಅದಕ್ಕೂ ಮೇಲೆ ‘ಲೈಟ್ನಿಂಗ್’ ಎಂಬುದೊಂದಿತ್ತು. ಸಿಡಿಲಿನ ಹಾಗೆ ಬಂದು ಎಲ್ಲ ಕರೆಗಳನ್ನೂ ಸರಿಸಿ ಮುಂದೆ ಹೋಗುವ ಕರೆ. ಅಣ್ಣ ಮತ್ತು ನಾನು ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಎಕ್ಸ್‌ಚೇಂಜ್ ಆಟ ಆಡುತ್ತಿದ್ದೆವು. ಆಪರೇಟರ್ ಯಾವಾಗಲೂ ನಾನೇ. ಅಣ್ಣ ಅಟ್ಟದ ಮೇಲಿನಿಂದ ಮುಂಬಯಿಗೆ ಲೈಟ್ನಿಂಗ್ ಕೇಳಿದರೆ, “ಲೈನ್ ಖಾಲಿ ಇಲ್ರಿ, ಕೂಡ್ರಿ” ಎಂದು ಗತ್ತಿನಿಂದ ಹೇಳುತ್ತಿದ್ದೆ. ಅವನು ಅಳುತ್ತಿದ್ದ. ಈಗ ಅವನು ಹಬ್ಬಕ್ಕೆ ಮಾತ್ರ ಫೋನ್ ಮಾಡುವುದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ, ಆದರೂ ಒಮ್ಮೊಮ್ಮೆ ಅನುಮಾನ ಬರುತ್ತದೆ.

ಅಪ್ಪನಿಗೆ ಗಾಬರಿಯ ಕರೆ ಮಾಡುವವರ ಮೇಲೆ ಒಂದೇ ತಕರಾರಿತ್ತು. “ಮಂದಿ ಮೊದಲ ಅಳತಾರವ್ವಾ,” ಎನ್ನುತ್ತಿದ್ದರು. “ಅತ್ತರ ಲೈನ್ ಹೋಗತದ. ಮೊದಲ ಊರ ಹೇಳಬೇಕು, ಮನಿ ಹೇಳಬೇಕು. ಆಮ್ಯಾಲ ಬೇಕಾದಷ್ಟ ಅಳಬಹುದು.” ಊಟಕ್ಕೆ ಕೂತಾಗ ನಮ್ಮಿಬ್ಬರಿಂದ ಇದನ್ನು ಬಾಯಿಪಾಠ ಮಾಡಿಸಿದ್ದರು.

ಇನ್ನು ವಾಡೆಯ ವಿಷಯ. ನಾನು ಬಂದಾಗ ಅಲ್ಲಿ ಎಂಟು ಸಂಸಾರಗಳಿದ್ದವು. ಕೆಡವಿ ಹೊಸ ಕಟ್ಟಡ ಎಬ್ಬಿಸುವ ಮಾತು ಶುರುವಾದ ಮೇಲೆ ಒಬ್ಬೊಬ್ಬರಾಗಿ ಹೋದರು. ಉಳಿದವರು ಇಬ್ಬರೇ: ಮೇಲೆ ನಾನು, ಕೆಳಗೆ ಪರಾಂಜಪೆ ಕಾಕಾ. ಕಾಕಾ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬ ಮಗಳು ನಾಶಿಕದಲ್ಲಿದ್ದಳು. ಅವರಿಗೆ ಆಗ ಎಂಬತ್ತರ ಹತ್ತಿರ. ಇಷ್ಟು ದೊಡ್ಡ ಖಾಲಿ ವಾಡೆಯಲ್ಲಿ ಇದ್ದ ಇಬ್ಬರೂ ಪರಸ್ಪರ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಕಾರಣ ಒಂದು ಬಕೆಟ್ ನೀರು. ನಾನು ಕೋಣೆಯ ಮುಂದಿನ ಗ್ಯಾಲರಿ ತೊಳೆದೆ. ನೀರು ಹಲಗೆಗಳ ಸಂದಿಯಿಂದ ಇಳಿದು ಕಾಕಾನ ಮೇಜಿನ ಮೇಲೆ ಬಿತ್ತು. ಮೇಜಿನ ಮೇಲೆ ತಮ್ಮ ಶಾಲೆಯ ಹೆಡ್ಮಾಸ್ತರರ ಸನ್ಮಾನಕ್ಕೆ ಅವರು ಮೂರು ದಿನ ಕೂತು ಬರೆದ ಮಾನಪತ್ರವಿತ್ತು. ಅವರ ಅಕ್ಷರ ಮುತ್ತು ಪೋಣಿಸಿದಂತೆ. ಆ ಮುತ್ತುಗಳೆಲ್ಲ ಕರಗಿ ನೀಲಿಯಾಗಿ ಹರಿದವು. ಕೆಳಗಿನಿಂದ ಕೂಗಿದರು. ನಾನು ಇಳಿದು ಹೋಗಿ ಕ್ಷಮೆ ಕೇಳಬೇಕಿತ್ತು. ಅದರ ಬದಲು ಗ್ಯಾಲರಿಯಿಂದಲೇ, “ಹಲಗೆಯ ಸಂದಿ ನಾನು ಮಾಡಿದ್ದಲ್ಲ, ಮಾಲೀಕರನ್ನು ಕೇಳಿ” ಎಂದೆ. ಮರಾಠಿ ನನಗೆ ಚೆನ್ನಾಗಿ ಬರುತ್ತದೆಂದು ತೋರಿಸುವ ಹುಮ್ಮಸ್ಸಿನಲ್ಲಿ ಇನ್ನೂ ನಾಲ್ಕು ಮಾತು ಸೇರಿಸಿದೆ. ಮರುದಿನ ಮೆಟ್ಟಿಲಿನ ಬುಡದಲ್ಲಿ ಒಂದು ಫಲಕ ಬಂತು. ಸುಂದರವಾದ ಅಕ್ಷರಗಳಲ್ಲಿ: ‘ಮೇಲಿನ ನಿವಾಸಿಗಳು ನೀರು ಚೆಲ್ಲಬಾರದು.’ ಆಮೇಲೆ ‘ಮೇಲಿನ ನಿವಾಸಿಗಳು ಚಪ್ಪಲಿ ಸದ್ದು ಮಾಡಬಾರದು.’ ಆಮೇಲೆ ‘ಮೇಲಿನ ನಿವಾಸಿಗಳು ಬಾಗಿಲನ್ನು ಬಾಗಿಲಿನಂತೆ ಮುಚ್ಚಬೇಕು.’ ಮೇಲಿನ ನಿವಾಸಿಗಳೆಂದರೆ ನಾನೊಬ್ಬಳೇ. ಬಹುವಚನ ಮಾತ್ರ ಸ್ವಲ್ಪ ಹಿತವೆನಿಸುತ್ತಿತ್ತು.

ಈಗ ಆ ದಿನದ ಮಾತು. ಶ್ರಾವಣದ ಮಳೆ ನಾಲ್ಕು ದಿನದಿಂದ ಬಿಟ್ಟಿರಲಿಲ್ಲ. ನನಗೆ ಜ್ವರ ಬಂದು ಎರಡು ದಿನ ಹಾಸಿಗೆಯಲ್ಲೇ ಬಿದ್ದಿದ್ದೆ. ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಎದ್ದು ಚಹಾಕ್ಕೆ ನೀರಿಟ್ಟಿದ್ದೆ. ಮೆಟ್ಟಿಲಿನ ಮೇಲೆ ಯಾರದೋ ಹೆಜ್ಜೆ ಕೇಳಿಸಿತು. ನಿಧಾನದ, ಊರುಗೋಲಿನ ಹೆಜ್ಜೆ. ನನ್ನ ಮೆಟ್ಟಿಲು ಹತ್ತುವವರು ಯಾರಪ್ಪ ಎಂದು ಬಾಗಿಲ ಕಡೆ ಹೊರಟೆ. ಅಷ್ಟರಲ್ಲಿ ಕಟ್ಟಿಗೆ ಸೀಳುವ ಸದ್ದು, ಹಿಂದೆಯೇ ಗೋಡೆ ಅದುರುವ ಹಾಗೆ ಧಡ್ ಎಂಬ ಸದ್ದು. ಬಾಗಿಲು ತೆರೆದರೆ ಹೊಸ್ತಿಲಿನ ಆಚೆ ಮೆಟ್ಟಿಲೇ ಇರಲಿಲ್ಲ. ಧೂಳು ಇಳಿದ ಮೇಲೆ ಕೆಳಗೆ, ಮುರಿದ ಹಲಗೆಗಳ ರಾಶಿಯ ನಡುವೆ, ಪರಾಂಜಪೆ ಕಾಕಾ ಮಲಗಿದ್ದು ಕಂಡಿತು. ಒಂದು ದಪ್ಪ ತೊಲೆ ಅವರ ತೊಡೆಯ ಮೇಲಿತ್ತು. ಹಣೆಯಿಂದ ರಕ್ತ ಇಳಿಯುತ್ತಿತ್ತು.

“ಕಾಕಾ!” ಎಂದು ಕೂಗಿದೆ. ಕಣ್ಣು ತೆರೆಯಲಿಲ್ಲ.

ನಾನು ಮೇಲೆ ಸಿಕ್ಕಿಬಿದ್ದಿದ್ದೆ. ಹದಿನಾಲ್ಕು ಅಡಿ ಕೆಳಗೆ ಹಾರುವ ವಯಸ್ಸಲ್ಲ. ಗ್ಯಾಲರಿಗೆ ಓಡಿ ರಸ್ತೆಯ ಕಡೆ ಕೂಗಿದೆ. ತಗಡಿನ ಮೇಲೆ ಮಳೆ, ಆಚೆ ರಿಕ್ಷಾ, ಸ್ಕೂಟರು, ಯಾರಿಗೂ ಕೇಳಿಸಲಿಲ್ಲ. ಫೋನು ಎತ್ತಿಕೊಂಡೆ. ಅಣ್ಣನ ನಂಬರ್ ಒತ್ತಿದೆ. ಕರೆ ಹೋಗಲೇ ಇಲ್ಲ. ಹೋಗದೆಂದು ನನಗೆ ಗೊತ್ತಿತ್ತಲ್ಲ! ಗೊತ್ತಿದ್ದೂ ಮತ್ತೊಮ್ಮೆ ಒತ್ತಿದೆ. ಆಗ ಕಣ್ಣು ಆ ಸಾಲಿನ ಮೇಲೆ ಬಿತ್ತು. ನಾಲ್ಕು ತಿಂಗಳು ದಿನಾ ಓದಿದ್ದೆ, ಆದರೆ ಅದು ನಿಜವಾಗಿ ಏನು ಹೇಳುತ್ತಿದೆ ಎಂದು ಯೋಚಿಸಿರಲಿಲ್ಲ. ಒಂದು, ಒಂದು, ಎರಡು ಒತ್ತಿದೆ. ಏನೂ ಆಗುವುದಿಲ್ಲ ಎಂದುಕೊಂಡೇ ಕಿವಿಗಿಟ್ಟೆ.

ರಿಂಗ್ ಆಯಿತು.

ಸತ್ತ ಫೋನಿನೊಳಗಿನಿಂದ ಒಬ್ಬ ಹೆಣ್ಣುಮಗಳ ಧ್ವನಿ ಬಂತು: “ನಮಸ್ಕಾರ, ಬೋಲಾ. ಕಾಯ ಮದತ ಪಾಹಿಜೆ?” ಏನು ಸಹಾಯ ಬೇಕೆಂದು ಮರಾಠಿಯಲ್ಲಿ ಕೇಳುತ್ತಿದ್ದಳು.

ನಾನು ಬಾಯಿಬಿಟ್ಟೆ. “ಕಾಕಾ ಬಿದ್ದಾರ್ರೀ! ಪಾವಟಿಗಿ ಎಲ್ಲಾ ಮುರದ ಬಿದ್ದಾವ! ಲಗೂ ಬರ್ರೀ!”

ಆ ಕಡೆಯಿಂದ ಆಕೆ ತಡೆದಳು: “ಮ್ಯಾಡಮ್, ಮರಾಠಿ? ಹಿಂದೀ?”

ಮೂವತ್ತು ವರ್ಷ ಮರಾಠಿಯಲ್ಲಿ ಪಾಠ ಹೇಳಿದವಳು ನಾನು. ಜಗಳವನ್ನೂ ಮರಾಠಿಯಲ್ಲಿ ಸೊಗಸಾಗಿ ಆಡಿದವಳು. ಆ ಹೊತ್ತಿಗೆ ಒಂದು ಶಬ್ದವೂ ನೆನಪಾಗಲಿಲ್ಲ. ಅಳು ಮಾತ್ರ ಬಂತು. ಬಿಕ್ಕುವಾಗಲೇ ಅಪ್ಪ ತಾಟಿನ ಮುಂದೆ ಕೂತು ಬೆರಳೆತ್ತಿದ್ದು ಕಂಡಿತು. ಮೊದಲ ಊರು, ಆಮೇಲೆ ಮನೆ. ಉಸಿರು ಎಳೆದುಕೊಂಡು, “ಸದಾಶಿವ ಪೇಠ” ಎಂದೆ. ಆ ಎರಡು ಶಬ್ದದ ಹಿಂದೆಯೇ ಉಳಿದ ಮರಾಠಿಯೂ ಬಂತು. ಮನೆ ನಂಬರ್ ಹೇಳಿದೆ, ಎದುರಿನ ಔಷಧಿ ಅಂಗಡಿ ಹೇಳಿದೆ, ಒಳಗೆ ಬರುವ ಓಣಿಯ ಗುರುತು ಹೇಳಿದೆ.

“ಗಾಡಿ ಕಳಿಸುತ್ತಿದ್ದೇನೆ,” ಎಂದಳು ಆಕೆ. ಆಮೇಲೆ ಸ್ಪಷ್ಟವಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು: “ಮ್ಯಾಡಮ್, ನಿಮ್ಮ ನಂಬರ್ ನನಗೆ ಕಾಣುತ್ತಿಲ್ಲ. ಲೈನ್ ತಪ್ಪಿದರೆ ನಾನು ನಿಮಗೆ ತಿರುಗಿ ಫೋನ್ ಮಾಡಲಿಕ್ಕೆ ಬರುವುದಿಲ್ಲ. ಫೋನ್ ಇಡಬೇಡಿ.”

ಫೋನ್ ಇಡಬೇಡಿ ಎಂದು ನನಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ. ಇಂಥ ಹೊತ್ತಿನಲ್ಲೂ ಮನಸ್ಸು ಅದನ್ನು ಗಮನಿಸಿತು. ಮನಸ್ಸಿಗೆ ನಾಚಿಕೆಯಿಲ್ಲ.

ಬೀದಿ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದೆ ಎಂದೆ. ತೆರೆಯುವವರು ಯಾರು ಎಂದು ಆಕೆ ಕೇಳಿದಳು. ಯಾರೂ ಇರಲಿಲ್ಲ. ನಾನು ಹಿಂದಿನ ಕಿಟಕಿಗೆ ಹೋದೆ. ಆಚೆ ಪಕ್ಕದ ನಿವೇಶನದಲ್ಲಿ ಎರಡು ವರ್ಷದಿಂದ ಕಟ್ಟಡದ ಕೆಲಸ ನಡೆದಿತ್ತು. “ಯಾರರೆ ಬರ್ರೆಪ್ಪೋ!” ಎಂದು ಚೀರಿದೆ. ಮತ್ತೆ ಕನ್ನಡವೇ ಬಂತು. ತಾಡಪತ್ರಿಯ ಕೆಳಗಿನಿಂದ ಒಬ್ಬ ಹೆಂಗಸು ತಲೆಯ ಮೇಲೆ ಸಿಮೆಂಟಿನ ಚೀಲ ಹೊದ್ದುಕೊಂಡು ಹೊರಗೆ ಬಂದಳು.

“ಏನಾಗ್ಯದ್ರೀ ಅಕ್ಕಾ?” ಎಂದಳು.

ಯಾದಗಿರಿಯ ಕಡೆಯ ಮಾತು. ಎರಡು ವರ್ಷ ಆ ಗೋಡೆಯ ಆಚೆ ಅವರು ಅಡುಗೆ ಮಾಡಿದ್ದರು, ಕೂಸುಗಳನ್ನು ಎತ್ತಿ ಆಡಿಸಿದ್ದರು. ನಾನು ಅವರ ಸಿಮೆಂಟಿನ ಧೂಳಿಗೆ ಬೈದುಕೊಂಡು ಕಿಟಕಿ ಮುಚ್ಚಿಕೊಂಡಿದ್ದೆ. ವಿಷಯ ಹೇಳಿದ್ದೇ ತಡ, ಆಕೆ ಬಿದ್ದ ಗೋಡೆಯ ಸಂದಿಯಿಂದ ನುಸುಳಿ ಅಂಗಳಕ್ಕೆ ಬಂದು, ಬೀದಿ ಬಾಗಿಲು ತೆರೆದು, ಕಾಕಾನ ಬಳಿ ಕೂತಳು. “ಉಸರ ಅದ ಅಕ್ಕಾ, ಅಂಜಬ್ಯಾಡ್ರಿ,” ಎಂದು ಕೆಳಗಿನಿಂದ ಕೂಗಿದಳು. ಆಪರೇಟರ್ ತೊಲೆ ಎತ್ತಬೇಡಿ, ಗಾಯಕ್ಕೆ ಬಟ್ಟೆ ಒತ್ತಿ ಹಿಡಿಯಿರಿ ಎಂದದ್ದನ್ನು ನಾನು ಕನ್ನಡದಲ್ಲಿ ಕೆಳಗೆ ಹೇಳಿದೆ. ಆಕೆ ತನ್ನ ಸೆರಗನ್ನೇ ಒತ್ತಿದಳು. ಅಪ್ಪನ ಎಕ್ಸ್‌ಚೇಂಜಿನಂತೆ ನಾನು ನಡುವೆ ಕೂತು ಈ ಕಡೆಯ ಮಾತನ್ನು ಆ ಕಡೆಗೆ ದಾಟಿಸುತ್ತಿದ್ದೆ.

“ಅವರನ್ನು ಮಾತನಾಡಿಸುತ್ತಿರಿ, ನಿದ್ದೆಗೆ ಬಿಡಬೇಡಿ,” ಎಂದಳು ಆಪರೇಟರ್.

ಹೊಸ್ತಿಲಿನ ಮೇಲೆ ಬೋರಲು ಮಲಗಿ ಕೆಳಗೆ ಬಗ್ಗಿದೆ. “ಕಾಕಾ, ನಾನು. ಮೇಲಿನವಳು.”

ಕಾಕಾ ಕಣ್ಣು ತೆರೆದರು. “ವರಚ್ಯಾ ಬಾಯೀ,” ಎಂದರು. ಮೇಲಿನ ಬಾಯಿ, ಅಂದರೆ ಮೇಲಿನ ಮನೆಯಾಕೆ. ಒಂಬತ್ತು ವರ್ಷದ ಮೇಲೆ ನನಗೆ ಸಿಕ್ಕ ಮೊದಲ ಏಕವಚನ. ಆಮೇಲಿನ ಮಾತೆಲ್ಲ ಮರಾಠಿಯಲ್ಲೇ ನಡೆಯಿತು. ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿ ಕೂತಿದೆ.

“ನೀವು ಮೇಲೆ ಯಾಕೆ ಬಂದಿರಿ ಕಾಕಾ? ಈ ಮೆಟ್ಟಿಲು ಲಡ್ಡಾಗಿದೆ ಅಂತ ನಿಮಗೆ ಗೊತ್ತಿರಲಿಲ್ಲವೇ?”

ಅವರು ಸ್ವಲ್ಪ ಹೊತ್ತು ಉಸಿರು ಹುಡುಕಿದರು. “ಎರಡು ದಿನದಿಂದ ನೀರು ಬಿದ್ದಿಲ್ಲ,” ಎಂದರು. “ಚಪ್ಪಲಿಯ ಸದ್ದೂ ಇಲ್ಲ. ಏನಾಯಿತೋ ನೋಡೋಣ ಅಂತ ಬಂದೆ.”

ಕಿವಿಯಲ್ಲಿ ಆಪರೇಟರ್ ಕೇಳುತ್ತಿದ್ದಳು, “ಮ್ಯಾಡಮ್, ಕಾಕಾ ಏನೆನ್ನುತ್ತಾರೆ? ಮಾತನಾಡುತ್ತಿದ್ದಾರಾ?”

“ಮಾತನಾಡುತ್ತಿದ್ದಾರೆ,” ಎಂದೆ.

“ನೀವೂ ಮಾತನಾಡಿ.”

ಹಾಗಾಗಿ ಮಾತನಾಡಿದೆ. ಆ ಮಾನಪತ್ರ ಹಾಳುಮಾಡಿದ್ದು ನನ್ನದೇ ತಪ್ಪು, ಅಂದೇ ಕ್ಷಮೆ ಕೇಳಬೇಕಿತ್ತು ಎಂದೆ. ಕಾಕಾ ಕಣ್ಣು ಮುಚ್ಚಿಕೊಂಡೇ, “ಬಹಳ ತಡವಾಯಿತು” ಎಂದರು. ಅವರು ಮುಂದುವರಿಸಿದರು: “ಆ ಹೆಡ್ಮಾಸ್ತರ ತೀರಿಕೊಂಡೇ ಐದು ವರ್ಷವಾಯಿತು. ಒಳ್ಳೆಯ ಮನುಷ್ಯನೇನೂ ಅಲ್ಲ. ನಾನು ಬರೆದಿದ್ದೆಲ್ಲ ಸುಳ್ಳು.” ನಾನು ನಕ್ಕೆ. ಆಪರೇಟರಿಗೂ ಕೇಳಿಸಿರಬೇಕು, ಆ ಕಡೆ ಒಂದು ಸಣ್ಣ ಉಸಿರು ಬಿಟ್ಟ ಸದ್ದಾಯಿತು. ಕಾಕಾನ ತಲೆ ಹಿಡಿದು ಕೂತ ಹೆಂಗಸು ಒಂದಕ್ಷರ ಮರಾಠಿ ಬಾರದಿದ್ದರೂ ನಮ್ಮಿಬ್ಬರನ್ನೂ ನೋಡಿ ತಾನೂ ನಕ್ಕಳು.

ಅಗ್ನಿಶಾಮಕದವರು ಬರುವ ತನಕ ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಅಷ್ಟು ಹೊತ್ತೂ ಆಕೆ ಲೈನಿನಲ್ಲಿದ್ದಳು. ಅವರು ತೊಲೆ ಎತ್ತಿದರು, ಕಾಕಾನನ್ನು ಸ್ಟ್ರೆಚರಿನ ಮೇಲೆ ಮಲಗಿಸಿದರು, ಏಣಿ ಹಾಕಿ ನನ್ನನ್ನೂ ಇಳಿಸಿದರು. “ಬಂದರಲ್ಲ? ಹಾಗಾದರೆ ಇಡುತ್ತೇನೆ,” ಎಂದು ಆಕೆ ಇಟ್ಟುಬಿಟ್ಟಳು. ಅಂಗಳದಲ್ಲಿ ನಿಂತು ಫೋನು ನೋಡಿದೆ. ಹೆಸರು ಕೇಳಿರಲಿಲ್ಲ. ಮತ್ತೆ ಅದೇ ನಂಬರಿಗೆ ಫೋನ್ ಮಾಡಿ, ಆ ಬಾಯಿಯನ್ನು ಕರೆಯಿರಿ, ಉಪಕಾರವಾಯಿತೆಂದು ಹೇಳಬೇಕು ಎನ್ನುವುದು ಎಷ್ಟು ಹುಚ್ಚುತನ ಎಂದು ಗೊತ್ತಿತ್ತು. ಆದರೂ ಬೆರಳು ಒಂದು ಸಲ ಅಲ್ಲಿಗೆ ಹೋಗಿ ಬಂತು.

ಕಾಕಾನ ತೊಡೆಯ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಗಿ ಬದುಕಿದರು. ನಾಲ್ಕನೆಯ ದಿನ ಆಸ್ಪತ್ರೆಗೆ ಹೋದೆ. ಹಾಸಿಗೆಯ ಪಕ್ಕ ನಾಶಿಕದಿಂದ ಬಂದ ಮಗಳು ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

“ನೀವೇ ಅಲ್ಲವೇ ಮೇಲಿನ ಬಾಯಿ? ಬಾಬಾ ದಿನಾ ಫೋನಿನಲ್ಲಿ ನಿಮ್ಮದೇ ಸುದ್ದಿ ಹೇಳುತ್ತಿದ್ದರು. ಇವತ್ತು ಬೇಗ ಎದ್ದರು, ಇವತ್ತು ಏನೋ ಹುರಿದರು, ಇವತ್ತು ತಡವಾಗಿ ಬಂದರು. ಬೇರೆ ಸುದ್ದಿಯೇ ಇರಲಿಲ್ಲ ಅವರ ಹತ್ತಿರ.”

ಕಾಕಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ನಾನು ತಂದಿದ್ದ ಮೋಸಂಬಿಯನ್ನು ಒಂದೊಂದಾಗಿ ಕಪಾಟಿನಲ್ಲಿಟ್ಟೆ. ಹೊರಡುವಾಗ ಮಗಳು ನನ್ನ ನಂಬರ್ ಕೇಳಿದಳು. “ಈಗ ನಂಬರ್ ಇಲ್ಲ” ಎಂದೆ. ಆಕೆಗೆ ಅರ್ಥವಾಗಲಿಲ್ಲ. ಆಕೆಯದನ್ನು ಬರೆದುಕೊಂಡು ಬಂದೆ. ಆ ವಾರವೇ ಕಾಕಾನನ್ನು ನಾಶಿಕಕ್ಕೆ ಕರೆದುಕೊಂಡು ಹೋದರು.

ವಾಡೆಗೆ ಮಹಾನಗರಪಾಲಿಕೆಯ ಚೀಟಿ ಅಂಟಿತು, ಒಳಗೆ ಇರುವಂತಿರಲಿಲ್ಲ. ಏಣಿ ಹಾಕಿಸಿ ಸಾಮಾನು ಇಳಿಸಿಕೊಂಡೆ. ಹೊರಡುವ ಮೊದಲು ಅಂಗಡಿಯ ಚಕ್ಕುಲಿ ಕಟ್ಟಿಸಿಕೊಂಡು ಪಕ್ಕದ ನಿವೇಶನಕ್ಕೆ ಹೋದೆ. ಕಾವಲುಗಾರ, ಆ ಜನರೆಲ್ಲ ಬೇರೆ ಸೈಟಿಗೆ ಹೋದರು ಎಂದ. ಯಾವ ಸೈಟು? ಗೊತ್ತಿಲ್ಲ. ಯಾರು ಬೇಕಿತ್ತು? ಅದನ್ನೂ ಹೇಳಲಾಗಲಿಲ್ಲ. ಹೆಂಗಸು, ಯಾದಗಿರಿಯ ಕಡೆಯವಳು ಎಂದೆ. “ಅಂಥವರು ಬಹಳ ಮಂದಿ ಇದ್ದರು,” ಎಂದ. ಚಕ್ಕುಲಿಯನ್ನು ಅವನ ಕೈಗೇ ಕೊಟ್ಟು ಬಂದೆ.

ಅದೇ ಊರಿನ ಬಿಬವೇವಾಡಿಯಲ್ಲಿ ಮೂರನೆಯ ಮಹಡಿಯ ಒಂದು ಸಣ್ಣ ಫ್ಲ್ಯಾಟ್ ಬಾಡಿಗೆಗೆ ಹಿಡಿದೆ. ಹೊಸ ಸಿಮ್ ತಂದೆ. ಹಳೆಯ ನಂಬರ್ ಕೈತಪ್ಪಿತ್ತು. ಮೊದಲು ಅಣ್ಣನಿಗೆ ಫೋನ್ ಮಾಡಿದೆ.

“ಯಾರ್ರೀ?” ಎಂದ.

“ನಾನೋ, ಗಿರಿಜಾ. ನಂಬರ್ ಬದಲಾಗ್ಯದ.”

“ಹೌದೇನು? ಹಳೇದು ಯಾವಾಗ ಬಂದ್ ಆತು?”

“ಈಗ... ಹೋದ ವಾರ,” ಎಂದೆ. ನಾಲ್ಕು ತಿಂಗಳು ಎಂದರೆ ಅವನಿಗೂ ನೋವು, ನನಗೂ ನೋವು. ಲೈನ್ ಖಾಲಿ ಇತ್ತು, ಆದರೆ ಅಟ್ಟದ ಮೇಲಿನ ಹುಡುಗನಿಗೆ ಇನ್ನೇನು ಹೇಳಬೇಕೆಂದು ತೋಚಲಿಲ್ಲ.

ಆಮೇಲೆ ನಾಶಿಕಕ್ಕೆ ಮಾಡಿದೆ. ಕಾಕಾ ವಾಕರ್ ಹಿಡಿದು ಹತ್ತು ಹೆಜ್ಜೆ ಹಾಕುತ್ತಿದ್ದಾರಂತೆ. “ಹೇಗಿದೆ ಅಲ್ಲಿ?” ಎಂದು ಕೇಳಿದೆ. “ಎಲ್ಲ ಚೆನ್ನಾಗಿದೆ,” ಎಂದರು. “ಮೇಲೆ ಬರೀ ಟೆರೇಸು. ಯಾರೂ ನಡೆಯುವುದಿಲ್ಲ. ನಿದ್ದೆ ಸರಿಯಾಗಿ ಬರುವುದಿಲ್ಲ.” ಆಮೇಲೆ, “ಸರಿ, ಬಿಲ್ ಏರುತ್ತದೆ” ಎಂದು ಇಟ್ಟರು. ಈಗ ಬಿಲ್ ಏರುವುದಿಲ್ಲ ಕಾಕಾ ಎಂದು ಹೇಳುವಷ್ಟರಲ್ಲಿ ತಡವಾಗಿತ್ತು.

ಮರುದಿನ ಸಂಜೆ ಹೊಸ ನಂಬರನ್ನು ಒಂದು ಚೀಟಿಯ ಮೇಲೆ ಬರೆದು ಪಕ್ಕದ ಫ್ಲ್ಯಾಟಿನ ಬೆಲ್ ಒತ್ತಿದೆ. ಬಗಲಲ್ಲಿ ಕೂಸು ಎತ್ತಿಕೊಂಡ ಒಬ್ಬ ತರುಣಿ ಬಾಗಿಲು ತೆರೆದಳು. ನಾನು ಪಕ್ಕದವಳು, ಏನಾದರೂ ಬೇಕಾದರೆ ಈ ನಂಬರಿಗೆ ಮಾಡಿ ಎಂದೆ. “ಬರಂ ಕಾಕೂ,” ಆಗಲಿ ಚಿಕ್ಕಮ್ಮ, ಎಂದು ಚೀಟಿ ತೆಗೆದುಕೊಂಡು, ನಕ್ಕು, ಬಾಗಿಲು ಹಾಕಿಕೊಂಡಳು. ನಾನು ತಿರುಗಿ ಬಂದು ನನ್ನ ಬಾಗಿಲಿನ ಬೀಗಕ್ಕೆ ಕೀಲಿ ಹಾಕಿದೆ. ಹಾಕಿದ ಕೀಲಿಯನ್ನು ತಿರುಗಿಸದೆ ಸ್ವಲ್ಪ ಹೊತ್ತು ನಿಂತೆ. ಮತ್ತೆ ಹೋಗಿ ಬೆಲ್ ಒತ್ತಿದೆ.

“ನಿನ್ನ ಹೆಸರೂ ನಂಬರೂ ಕೊಡು ಮಗಳೇ,” ಎಂದೆ. “ನನಗೂ ಬೇಕಾಗಬಹುದು.”

ಆಕೆ ನನ್ನ ಮುಖ ನೋಡಿದಳು. ಬಾಗಿಲನ್ನು ಪೂರ್ತಿ ತೆರೆದು, “ಆತ ಯಾ ನಾ ಕಾಕೂ” ಎಂದು ಒಳಗೆ ಕರೆದಳು. ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ ಪೆನ್ನು ಹುಡುಕಲು ಹೋದಳು. ಪೆನ್ನು ಬೇಗ ಸಿಗಲಿಲ್ಲ. ಒಳಗೆ ಒಂದರ ಹಿಂದೆ ಒಂದು ಡ್ರಾಯರ್ ಎಳೆಯುವ ಸದ್ದು ಕೇಳುತ್ತಿತ್ತು. ಕೂಸು ನನ್ನ ಕನ್ನಡಕಕ್ಕೆ ಕೈ ಹಾಕಿತು. ಸಾವಕಾಶ ಹುಡುಕವ್ವಾ, ನನಗೇನೂ ಅವಸರ ಇಲ್ಲ ಎಂದೆ, ಕನ್ನಡದಲ್ಲೇ.